ಮಠದ ಸಂಗೀತವೂ ಯಂತ್ರವೂ: ಸಂಪ್ರದಾಯವನ್ನು ಕುರಿತ ಹೊರಗಿನವರ ಗ್ರಹಿಕೆ

ಸಮಸ್ಯೆಯ ಸ್ವರೂಪ

ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಯಲಹಂಕವನ್ನು ದಾಟಿದ ಮೇಲೆ ಹುಣಸಮಾರನಹಳ್ಳಿ ದೊರೆಯುತ್ತದೆ. ಈ ಊರಿನಲ್ಲಿ ಒಂದು ವೀರಶೈವ ಮಠವಿದೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಎಂಜಿನಿಯರಿಂಗ್ ಕಾಲೇಜೂ ಇದೇ ಊರಿನಲ್ಲಿದೆ. ಸಮೀಪದಲ್ಲಿ ಯಲಹಂಕದ ವಾಯುಸೇನಾ ನೆಲೆಯಿದೆ. ಉತ್ತರಕ್ಕೆ 2008ರಲ್ಲಿ ತೆರೆದ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಇಂತಹ ಊರನ್ನು ಹಾದುಹೋಗುವ ವಿದ್ಯಾವಂತನು ತನಗೆ ಅರಿವಿಲ್ಲದೆಯೇ ಒಂದು ವಿಂಗಡಣೆಯನ್ನು ಮಾಡಿಕೊಳ್ಳುತ್ತಾನೆ. ಮಠವು ಹಿಂದಿನ ಕಾಲಕ್ಕೆ ಸೇರಿದ್ದು, ಕಾಲೇಜು ಮುಂದಿನ ಕಾಲಕ್ಕೆ ಸೇರಿದ್ದು. ಒಂದರಲ್ಲಿ ಸಂಪ್ರದಾಯ, ಇನ್ನೊಂದರಲ್ಲಿ ಯಂತ್ರ. ಎರಡಕ್ಕೂ ನಡುವೆ ಇರುವುದು ರಸ್ತೆಯೊಂದೇ ಎಂದು ಅವನ ಭಾವನೆ.

ಈ ವಿಂಗಡಣೆಯಿಂದ ಎರಡು ತೀರ್ಮಾನಗಳು ಹುಟ್ಟುತ್ತವೆ. ಧಾರ್ಮಿಕ ಸಮುದಾಯವೊಂದು ಹೊಸ ಸಾಧನವನ್ನು ದೂರವಿಟ್ಟರೆ ಅದನ್ನು ಅಜ್ಞಾನವೆಂದೋ ಪಾವಿತ್ರ್ಯವೆಂದೋ ಹೊರಗಿನವರು ಕರೆಯುತ್ತಾರೆ. ಅದೇ ಸಮುದಾಯವು ಹೊಸ ಸಾಧನವನ್ನು ಒಳಗೆ ಬಿಟ್ಟುಕೊಂಡರೆ ಸಂಪ್ರದಾಯ ಸಡಿಲವಾಯಿತು, ಆಚಾರ ಕೆಟ್ಟಿತು ಎನ್ನುತ್ತಾರೆ. ಎರಡು ಮಾತುಗಳಲ್ಲಿಯೂ ಅಡಗಿರುವ ನಂಬಿಕೆ ಒಂದೇ: ಸಂಪ್ರದಾಯಸ್ಥರು ಸಾಧನಗಳನ್ನು ಕುರಿತು ವಿಚಾರ ಮಾಡುವುದಿಲ್ಲ, ಕೇವಲ ಒಪ್ಪುತ್ತಾರೆ ಇಲ್ಲವೇ ತಿರಸ್ಕರಿಸುತ್ತಾರೆ ಎಂಬುದು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸಂಗೀತದ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಸಂಗೀತವನ್ನೇ ಆರಿಸಿಕೊಳ್ಳಲು ಕಾರಣವುಂಟು. ಉಪದೇಶವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿ ಕಾಪಾಡಬಹುದು. ಹಾಡಿಕೆಯಾದರೋ ಬಾಯಿಂದ ಕಿವಿಗೆ ಹರಿದು ಬರುವಂಥದು. ಆದುದರಿಂದ ಹೊಸ ಸಾಧನವೊಂದು ಬಂದಾಗ ಅದರ ಪರಿಣಾಮ ಮೊದಲು ತಟ್ಟುವುದು ಹಾಡುವವರ ಬದುಕನ್ನು.

ಗದುಗಿನ ಆಶ್ರಮ

ವೀರಶೈವ ಮಠಗಳ ಆಶ್ರಯದಲ್ಲಿ ಬೆಳೆದ ಸಂಗೀತ ಸಂಸ್ಥೆಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅತ್ಯಂತ ಪ್ರಸಿದ್ಧವಾದುದು. ಇದರ ಸ್ಥಾಪಕರಾದ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಹುಟ್ಟು ಕುರುಡರಾಗಿದ್ದ ಅವರಿಗೆ ಆಶ್ರಯವಿತ್ತು ಸಂಗೀತ ಕಲಿಸಲು ಏರ್ಪಾಡು ಮಾಡಿದವರು ಹಾನಗಲ್ಲ ಕುಮಾರಸ್ವಾಮಿಗಳು. ಈ ಸ್ವಾಮಿಗಳೇ 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದವರು. ಪಂಚಾಕ್ಷರ ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನು ಕಲಿತು, ಅನಂತರ ಹಿಂದುಸ್ಥಾನಿ ಪದ್ಧತಿಯಲ್ಲಿಯೂ ಪರಿಣತರಾದರು. ಅಂಧರು, ಅನಾಥರು, ಬಡವರು ಆದ ಮಕ್ಕಳನ್ನು ಜಾತಿಯನ್ನು ಕೇಳದೆ ಸೇರಿಸಿಕೊಂಡು, ಅನ್ನವಿಟ್ಟು, ಸಂಗೀತ ಕಲಿಸುವುದು ಅವರ ಜೀವಿತಕಾರ್ಯವಾಯಿತು. ಮುಂದೆ ಹಿಂದುಸ್ಥಾನಿ ಗಾಯಕರಾಗಿ ಹೆಸರಾದ ಬಸವರಾಜ ರಾಜಗುರುಗಳು ಅವರ ಶಿಷ್ಯರಲ್ಲಿ ಒಬ್ಬರು.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. 1914ರಲ್ಲಿ ಜನಿಸಿ ಎಳೆಯ ಪ್ರಾಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರು 2010ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಆರು ದಶಕಗಳಿಗೂ ಮೀರಿ, ಆಶ್ರಮವನ್ನು ನಡೆಸಿದರು. ಅವರ ಕಡೆಯ ವರ್ಷದಲ್ಲಿ ಭಾರತ ಸರ್ಕಾರ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು.

ಲಿಂಗಪೂಜಾನಿಷ್ಠರಾಗಿದ್ದ ಈ ಗುರುಗಳು ಯಾವ ಯಾವ ಸಾಧನಗಳನ್ನು ಬಳಸಿದರು ಎಂಬುದನ್ನು ನೋಡಿದರೆ ಮೇಲೆ ಹೇಳಿದ ವಿಂಗಡಣೆ ನಿಲ್ಲುವುದಿಲ್ಲ. ಆಶ್ರಮದ ಖರ್ಚಿಗೆ ನಾಟಕ ಕಂಪನಿಯನ್ನು ಕಟ್ಟಿದರು. ಮಠೀಯ ಜೀವನಕ್ಕೂ ರಂಗಭೂಮಿಗೂ ಎಣ್ಣೆ ಸೀಗೆಯ ಸಂಬಂಧವೆಂದು ಭಾವಿಸುವವರಿಗೆ ಇದೇ ಮೊದಲ ಅಚ್ಚರಿ. ಬಣ್ಣದ ಪರದೆ, ದೀಪದ ಏರ್ಪಾಟು, ಟಿಕೀಟು, ಊರಿಂದೂರಿಗೆ ಬಿಡಾರ ಇವೆಲ್ಲವೂ ಆ ಕಾಲದ ಹೊಸ ಉದ್ಯಮವಾದ ಕಂಪನಿ ನಾಟಕದ ಅಂಗಗಳು. ಇದರ ಉತ್ಪನ್ನದಿಂದ ಆಶ್ರಮದ ಮಕ್ಕಳ ಊಟ ನಡೆಯಿತು. ಅದರ ಮೇಳದಲ್ಲಿ ಅವರ ವಿದ್ಯೆಗೆ ಕೆಲಸ ದೊರೆಯಿತು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದ ಕೀರ್ತಿಯೂ ಪುಟ್ಟರಾಜರದು. ಬ್ರೈಲ್ ಲಿಪಿಯು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ್ದು. ಭಾರತೀಯ ಭಾಷೆಗಳಿಗೆಲ್ಲ ಏಕರೂಪವಾದ ಭಾರತಿ ಬ್ರೈಲ್ ಅಂಗೀಕೃತವಾದದ್ದು 1951ರಲ್ಲಿ. ಅಂಧ ಸಂಗೀತಗಾರನ ಪಾಲಿಗೆ ಓದಿ ಹೇಳುವವರ ಹಂಗನ್ನು ಕಳೆಯುವ ಈ ಲಿಪಿಗಿಂತ ಕ್ರಾಂತಿಕಾರಕವಾದ ಆಧುನಿಕ ಸಾಧನ ಇನ್ನೊಂದಿರಲಿಲ್ಲ.

ಇವೆಲ್ಲಕ್ಕಿಂತ ನಮ್ಮ ವಿಚಾರಕ್ಕೆ ಹತ್ತಿರವಾದ ಸಾಧನ ಹಾರ್ಮೋನಿಯಂ.

ಪೇಟಿಯ ಪ್ರವೇಶ, ಆಕಾಶವಾಣಿಯ ನಿಷೇಧ

ಇಂದು ಹಳ್ಳಿಯ ಭಜನೆಯೆಂದರೆ ಹಾರ್ಮೋನಿಯಂ ಇಲ್ಲದೆ ಕಲ್ಪಿಸಿಕೊಳ್ಳುವುದು ಕಷ್ಟ. ಉತ್ತರ ಕರ್ನಾಟಕದಲ್ಲಿ ಇದನ್ನು ಪೇಟಿ ಎನ್ನುತ್ತಾರೆ. ಮಠದ ಪ್ರಾಂಗಣದಲ್ಲಿ ವಚನಗಳನ್ನು ಹಾಡುವಾಗ, ಪುರಾಣ ಪ್ರವಚನದ ನಡುವೆ ಸಂಗೀತ ನಡೆಯುವಾಗ, ಪೇಟಿ ಮತ್ತು ತಬಲಾ ಅನಾದಿ ಕಾಲದಿಂದಲೂ ಅಲ್ಲಿಯೇ ಇದ್ದವೆಂಬಂತೆ ಕಾಣುತ್ತವೆ. ವಸ್ತುಸ್ಥಿತಿ ಹಾಗಿಲ್ಲ. ಹಾರ್ಮೋನಿಯಂ ಎಂಬ ವಾದ್ಯಕ್ಕೆ ಪ್ಯಾರಿಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬಾತ ಹಕ್ಕುಪತ್ರ ಪಡೆದದ್ದು 1842ರಲ್ಲಿ. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯನ್ನೊತ್ತಿ ನುಡಿಸಬೇಕಾಗಿದ್ದ ಆ ವಾದ್ಯವನ್ನು, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾರ್ಪಡಿಸಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಮುಖ್ಯರು. ಗಾಳಿ ಹಾಯ್ದಾಗ ಲೋಹದ ನಾಲಗೆಗಳು ಕಂಪಿಸಿ ನಾದ ಹೊರಡುತ್ತದೆ. ಪ್ರತಿಯೊಂದು ನಾಲಗೆಗೂ ಒಂದೇ ಸ್ವರ. ಹೀಗೆ ಪೇಟಿಯು ಕಾರ್ಖಾನೆಯ ಯುಗದ ಒಂದು ಯಂತ್ರವೇ ಸರಿ.

ಈ ಯಂತ್ರಕ್ಕೆ ವಿರೋಧ ಬಂದದ್ದು ಎಲ್ಲಿಂದ ಎಂಬುದು ಗಮನಾರ್ಹ. ಆಧುನಿಕತೆಯ ಪ್ರತಿನಿಧಿಯೆನಿಸಿದ ಆಕಾಶವಾಣಿಯೇ 1940ರ ಮಾರ್ಚ್ 1ರಿಂದ ತನ್ನ ನಿಲಯಗಳಲ್ಲಿ ಹಾರ್ಮೋನಿಯಂ ವಾದ್ಯವನ್ನು ನಿಷೇಧಿಸಿತು. ದೆಹಲಿಯ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥನಾಗಿದ್ದ ಆಂಗ್ಲ ಸಂಗೀತಕಾರ ಜಾನ್ ಫೋಲ್ಡ್ಸ್ ಇದರ ವಿರುದ್ಧ ಬಲವಾಗಿ ವಾದಿಸಿದ್ದನು. ಪ್ರಸಾರ ವಿಭಾಗದ ಮುಖ್ಯಾಧಿಕಾರಿ ಲಯನೆಲ್ ಫೀಲ್ಡೆನ್ ಕೂಡ ಅದೇ ಅಭಿಪ್ರಾಯದವನು. ರವೀಂದ್ರನಾಥ ಠಾಕೂರರೂ ಈ ವಾದ್ಯವನ್ನು ಒಪ್ಪುತ್ತಿರಲಿಲ್ಲ. ಅವರ ಆಕ್ಷೇಪ ನಿರಾಧಾರವಾದುದೇನೂ ಅಲ್ಲ. ಹಾರ್ಮೋನಿಯಂನಲ್ಲಿ ಒಂದು ಸ್ಥಾಯಿಯು ಹನ್ನೆರಡು ಸಮಭಾಗಗಳಾಗಿ ಸ್ಥಿರವಾಗಿರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗಿ ಅಲುಗಿಸುವ ಗಮಕ, ರಾಗದಿಂದ ರಾಗಕ್ಕೆ ಕೂದಲೆಳೆಯಷ್ಟು ವ್ಯತ್ಯಾಸವಾಗುವ ಶ್ರುತಿಭೇದ ಇವು ಅದರಲ್ಲಿ ಹೊರಡುವುದು ಸಾಧ್ಯವಿಲ್ಲ. ಆದುದರಿಂದ ಭಾರತೀಯ ಸಂಗೀತದ ಶುದ್ಧಿಯನ್ನು ಕಾಪಾಡಬೇಕಾದರೆ ಪೇಟಿಯನ್ನು ಹೊರಗಿಡಬೇಕೆಂದು ಅವರು ಬಗೆದರು. 1970ರ ದಶಕದ ಆರಂಭದಲ್ಲಿ ಈ ನಿಷೇಧ ಭಾಗಶಃ ಸಡಿಲವಾಗುವವರೆಗೆ ಸುಮಾರು ಮೂವತ್ತು ವರ್ಷ ಅದು ಜಾರಿಯಲ್ಲಿತ್ತು. 1950ರ ಜನವರಿಯಲ್ಲಿ ಧಾರವಾಡದಲ್ಲಿ ನಿಲಯ ಆರಂಭವಾದಾಗ ಅಲ್ಲಿಗೂ ಇದು ಅನ್ವಯಿಸಿತು. ಪೇಟಿಯ ಸಾಥಿಯಿಂದಲೇ ಪಳಗಿದ ಗಾಯಕನು ಆ ನಿಲಯದಲ್ಲಿ ಹಾಡಬೇಕಾದರೆ ಪೇಟಿಯನ್ನು ಹೊರಗೆ ಬಿಟ್ಟು ಹೋಗಬೇಕಾಗಿತ್ತು.

ಇಲ್ಲಿ ಪಾತ್ರಗಳು ಅದಲು ಬದಲಾಗಿರುವುದನ್ನು ವಾಚಕರು ಗಮನಿಸಬೇಕು. ವಿದ್ಯುತ್ತರಂಗಗಳ ಮೂಲಕ ಹಾಡನ್ನು ಮನೆಮನೆಗೆ ಮುಟ್ಟಿಸುವ ಆಧುನಿಕ ಸಂಸ್ಥೆಯು ಸಂಪ್ರದಾಯದ ಹೆಸರಿನಲ್ಲಿ ಒಂದು ಯಂತ್ರವನ್ನು ತಡೆಯಿತು. ಧಾರ್ಮಿಕ ಆಶ್ರಮವು ಅದೇ ಯಂತ್ರವನ್ನು ಮಕ್ಕಳ ಕೈಗಿತ್ತಿತು. ಪುಟ್ಟರಾಜ ಗವಾಯಿಗಳು ಸ್ವತಃ ಹಾರ್ಮೋನಿಯಂ ವಾದನದಲ್ಲಿ ನಿಪುಣರೆಂದು ಪ್ರಸಿದ್ಧರು. ಸಾರಂಗಿ, ಪಿಟೀಲು, ತಬಲಾ ಮೊದಲಾದವನ್ನೂ ಅವರು ನುಡಿಸುತ್ತಿದ್ದರು. ಎಂದರೆ, ಮೀಂಡ್ ಹೊರಡುವ ವಾದ್ಯ ಯಾವುದು, ಹೊರಡದ ವಾದ್ಯ ಯಾವುದು ಎಂಬ ಜ್ಞಾನ ಅವರಿಗೆ ಆಕಾಶವಾಣಿಯ ಅಧಿಕಾರಿಗಳಿಗಿಂತ ಕಡಿಮೆಯಿರಲಿಲ್ಲ. ಆದರೆ ಆಶ್ರಮದ ಮುಂದಿದ್ದ ಪ್ರಶ್ನೆ ಬೇರೆ. ಕಣ್ಣಿಲ್ಲದ ಹುಡುಗನಿಗೆ ಸ್ವರಸ್ಥಾನದ ತಿಳಿವಳಿಕೆ ಬರಬೇಕು; ಪೇಟಿಯ ಪಟ್ಟಿಗಳು ಬೆರಳಿನ ಸ್ಪರ್ಶಕ್ಕೆ ಸಿಕ್ಕುತ್ತವೆ, ಒತ್ತಿದಾಗ ಸ್ವರ ತಪ್ಪುವುದಿಲ್ಲ. ಒಬ್ಬನೇ ಕುಳಿತು ತಾನೇ ನುಡಿಸಿಕೊಂಡು ಹಾಡಬಹುದು. ಧ್ವನಿವರ್ಧಕವಿಲ್ಲದ ಬಯಲಿನಲ್ಲಿಯೂ ಅದರ ನಾದ ಹಿಂದಿನ ಸಾಲಿಗೆ ಮುಟ್ಟುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಪೇಟಿ ಬಲ್ಲವನಿಗೆ ನಾಟಕ ಕಂಪನಿಯಲ್ಲಿ, ಕೀರ್ತನ ಮೇಳದಲ್ಲಿ, ಶಾಲೆಯಲ್ಲಿ ಜೀವನೋಪಾಯವಿದೆ. ನಾದಶುದ್ಧಿಯೆಂಬುದೊಂದೇ ಅಳತೆಗೋಲಾದರೆ ಆಕಾಶವಾಣಿಯ ನಿರ್ಣಯ ಸರಿ; ಅಂಧ ಬಾಲಕನ ಬದುಕು ಅಳತೆಗೋಲಾದರೆ ಆಶ್ರಮದ ನಿರ್ಣಯ ಸರಿ.

ಆಮಿಶ್ ಜನರ ನಿದರ್ಶನ

ಸಾಧನವನ್ನು ಸ್ವೀಕರಿಸಿದ ಸಮುದಾಯದ ವಿಚಾರ ಇದಾಯಿತು. ದೂರವಿಟ್ಟ ಸಮುದಾಯದ ವಿಚಾರವೇನು? ಇದಕ್ಕೆ ಅಮೆರಿಕದ ಆಮಿಶ್ ಕ್ರೈಸ್ತರು ಲೋಕಪ್ರಸಿದ್ಧವಾದ ಉದಾಹರಣೆ. 1693ರ ಸುಮಾರಿಗೆ ಯಾಕೋಬ್ ಅಮ್ಮಾನ್ ಎಂಬ ಧರ್ಮಬೋಧಕನ ಅನುಯಾಯಿಗಳಾಗಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಪ್ರಾಂತಗಳಲ್ಲಿ ಬೇರ್ಪಟ್ಟ ಇವರು ಹದಿನೆಂಟನೆಯ ಶತಮಾನದಿಂದ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದರು. ಇಂದು ಅವರ ಸಂಖ್ಯೆ ಸುಮಾರು 4 ಲಕ್ಷ. ಕುದುರೆಗಾಡಿ, ಸರಳವಾದ ಉಡುಪು, ವಿದ್ಯುತ್ ತಂತಿಯಿಲ್ಲದ ಮನೆ ಇವನ್ನು ನೋಡಿದ ಪ್ರವಾಸಿಗಳು ಕಾಲ ಅಲ್ಲಿ ನಿಂತುಹೋಗಿದೆ ಎಂದುಕೊಳ್ಳುತ್ತಾರೆ.

ಅವರ ಆರಾಧನೆಯಲ್ಲಿ ಯಾವ ವಾದ್ಯವೂ ಇಲ್ಲ. ಅವರು ಹಾಡುವ ಆವುಸ್‌ಬುಂಡ್ ಎಂಬ ಗೀತಸಂಗ್ರಹವು 1564ರಲ್ಲಿಯೇ ಅಚ್ಚಾಗಿದ್ದ ಗೀತೆಗಳಿಂದ ಬೆಳೆದದ್ದು; ಅವುಗಳಲ್ಲಿ ಹಲವು ಮತಶ್ರದ್ಧೆಗಾಗಿ ಸೆರೆಯಾಗಿದ್ದವರು ಪಸ್ಸಾವು ಕೋಟೆಯಲ್ಲಿ ರಚಿಸಿದವು. ಈ ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಇದೆ, ಸ್ವರಲಿಪಿಯಿಲ್ಲ. ಮುಂದಾಳಾದ ಗಾಯಕನೊಬ್ಬನು ಪ್ರತಿ ಸಾಲಿನ ಮೊದಲಕ್ಷರವನ್ನು ಒಬ್ಬನೇ ಎತ್ತಿಕೊಳ್ಳುತ್ತಾನೆ. ನೆರೆದವರೆಲ್ಲ ಒಂದೇ ಧಾಟಿಯಲ್ಲಿ, ಬಹು ವಿಳಂಬವಾಗಿ, ಸೇರಿಕೊಳ್ಳುತ್ತಾರೆ. ಆರಾಧನೆಯಲ್ಲಿ ಎರಡನೆಯದಾಗಿ ಹಾಡುವ ಸ್ತುತಿಗೀತೆಯೊಂದಕ್ಕೇ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಮ್ಮ ಪಾಠಾಂತರ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. ವಾದ್ಯವು ನುಡಿಸುವವನನ್ನು ಉಳಿದವರಿಂದ ಬೇರ್ಪಡಿಸಿ ಎತ್ತಿ ತೋರಿಸುತ್ತದೆ, ಅದರಿಂದ ಅಹಂಕಾರ ಬೆಳೆಯುತ್ತದೆ, ವಿನಯವೇ ಪ್ರಧಾನವಾದ ಸಭೆಗೆ ಅದು ಸಲ್ಲದು ಎಂಬುದು ಅವರ ವಿವೇಚನೆ. ಹಾಗೆಂದು ಸಂಗೀತವೇ ನಿಷಿದ್ಧವಲ್ಲ. ಭಾನುವಾರ ಸಂಜೆ ಯುವಕ ಯುವತಿಯರು ಕೂಡಿ ಚುರುಕಾದ ಧಾಟಿಗಳಲ್ಲಿ ಹಾಡುತ್ತಾರೆ. ಬಾಯಿಂದ ಊದುವ ಪುಟ್ಟ ಹಾರ್ಮೋನಿಕವನ್ನು ಅನೇಕ ಕಡೆ ಮನೆಯಲ್ಲಿ ನುಡಿಸಲು ಅಡ್ಡಿಯಿಲ್ಲ.

ದೂರವಾಣಿಯ ವಿಷಯದಲ್ಲಿಯೂ ಇದೇ ವಿವೇಚನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಪ್ರದೇಶದ ಆಮಿಶರು ಮನೆಯೊಳಗೆ ದೂರವಾಣಿ ಕೂಡದೆಂದು ನಿರ್ಣಯಿಸಿದರು. ಮುಂದೆ ವೈದ್ಯರನ್ನು ಕರೆಸುವುದಕ್ಕೂ ವ್ಯಾಪಾರಕ್ಕೂ ಅದು ಬೇಕಾದಾಗ, ಮನೆಯಿಂದ ದೂರದಲ್ಲಿ, ಹೊಲದ ಅಂಚಿನಲ್ಲಿ ಚಿಕ್ಕ ಗೂಡೊಂದನ್ನು ಕಟ್ಟಿ ಹಲವು ಮನೆಯವರು ಹಂಚಿಕೊಂಡು ಬಳಸತೊಡಗಿದರು. ಹೊರಗಿನವರು ಇದನ್ನು ಕಂಡು ಕಪಟವೆಂದು ನಗುತ್ತಾರೆ. ಆದರೆ ಯಂತ್ರವು ಪಾಪವೆಂದು ಆಮಿಶರು ಹೇಳಿರಲಿಲ್ಲ. ಮನೆಯಲ್ಲಿ ಗಂಟೆ ಬಾರಿಸಿ ಊಟವನ್ನೂ ಪ್ರಾರ್ಥನೆಯನ್ನೂ ಕೆಡಿಸುವ, ನೆರೆಯವನನ್ನು ಮುಖತಃ ಕಾಣುವ ರೂಢಿಯನ್ನು ತಪ್ಪಿಸುವ ದೂರವಾಣಿ ಬೇಡವೆಂಬುದು ಅವರ ನಿಲುವು. ಗೂಡಿನಲ್ಲಿರುವ ದೂರವಾಣಿ ಈ ಎರಡನ್ನೂ ಮಾಡುವುದಿಲ್ಲ. ಇಂತಹ ನಿಯಮಗಳಿಗೆ ಅವರು ಓರ್ಡ್‌ನುಂಗ್ ಎನ್ನುತ್ತಾರೆ. ಪ್ರತಿಯೊಂದು ಸಭೆಯೂ ವರ್ಷಕ್ಕೆ ಎರಡು ಸಲ ಇವನ್ನು ಪರಿಶೀಲಿಸಿ ದೃಢಪಡಿಸುತ್ತದೆ. ಆದುದರಿಂದ ಸಭೆಯಿಂದ ಸಭೆಗೆ ನಿಯಮಗಳು ಭಿನ್ನವಾಗಿವೆ.

ಈ ವ್ಯವಸ್ಥೆಯನ್ನು ಹೊಗಳಿ ಮುಗಿಸುವುದೂ ಉಚಿತವಲ್ಲ. ದೀಕ್ಷೆ ಪಡೆದ ಮೇಲೆ ನಿಯಮವನ್ನು ಮೀರಿ ಪಶ್ಚಾತ್ತಾಪ ಪಡದವನಿಗೆ ಬಹಿಷ್ಕಾರವುಂಟು. ಸ್ವಂತ ಮನೆಯವರೊಡನೆ ಕುಳಿತು ಉಣ್ಣುವುದಕ್ಕೂ ತಡೆ ಬರಬಹುದು. ಪ್ರತಿಭಾವಂತನಾದ ವಾದ್ಯಗಾರನಿಗೆ ಅಲ್ಲಿ ವೇದಿಕೆಯಿಲ್ಲ. ವಿವೇಚನೆಯಿಂದ ಮಾಡಿದ ನಿಯಮವೆಂಬ ಮಾತ್ರಕ್ಕೆ ಅದರ ಭಾರ ಹೊರುವವರ ನೋವು ಇಲ್ಲವಾಗುವುದಿಲ್ಲ. ಹೊರಗಿನವರ ಭಕ್ತಿಯೂ ಹೊರಗಿನವರ ತಿರಸ್ಕಾರದಂತೆಯೇ ಈ ನೋವನ್ನು ಕಾಣದೆ ಹೋಗುತ್ತದೆ.

ಶ್ರುತಿಪೆಟ್ಟಿಗೆ ಮತ್ತು ಯಂತ್ರದ ನಗಾರಿ

ಗದುಗಿನಲ್ಲಿ ಗುರುಗಳು, ಪೆನ್ಸಿಲ್ವೇನಿಯದಲ್ಲಿ ಸಭೆ, ಹೀಗೆ ಎರಡು ಕಡೆಯಲ್ಲಿಯೂ ನಿರ್ಣಯಿಸುವವರು ಯಾರೋ ಇದ್ದರು. ನಮ್ಮ ನಿತ್ಯಜೀವನದಲ್ಲಿ ಯಂತ್ರಗಳು ಯಾವಾಗಲೂ ಹೀಗೆ ಪ್ರವೇಶಿಸುವುದಿಲ್ಲ. ಬೆಂಗಳೂರಿನವೇ ಆದ ಎರಡು ಉದಾಹರಣೆಗಳನ್ನು ಹೋಲಿಸಿ ನೋಡಬಹುದು.

ಮೊದಲನೆಯದು ವಿದ್ಯುನ್ಮಾನ ತಂಬೂರಿ. ವೇಣುವಾದಕರೂ ಎಂಜಿನಿಯರರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ಈ ಕಾರ್ಯದಲ್ಲಿ ತೊಡಗಿ, ರಾಡೆಲ್ ಎಂಬ ಹೆಸರಿನಲ್ಲಿ ಇಂತಹ ಶ್ರುತಿ ಉಪಕರಣಗಳನ್ನು ಬಳಕೆಗೆ ತಂದರು. ತಂಬೂರಿಯನ್ನು ಮೀಟಲು ಜೊತೆಯವರಿಲ್ಲದ ಮನೆಯಲ್ಲಿಯೂ ವಿದ್ಯಾರ್ಥಿಯು ಬೆಳಗಿನ ಸಾಧನೆಯನ್ನು ನಡೆಸುವುದು ಇದರಿಂದ ಸುಲಭವಾಯಿತು. ದೇವರನಾಮವನ್ನಾಗಲಿ ತ್ಯಾಗರಾಜರ ಕೃತಿಯನ್ನಾಗಲಿ ಪೂಜಾಭಾವದಿಂದ ಹಾಡುವ ಸಂಪ್ರದಾಯಸ್ಥ ಕುಟುಂಬಗಳಲ್ಲಿ ಈ ಪೆಟ್ಟಿಗೆ ಸದ್ದಿಲ್ಲದೆ ನೆಲೆಗೊಂಡಿತು. ತಂಬೂರಿಯ ತಂತಿಯಿಂದ ಹೊರಡುವ ನಾದದ ಪುಷ್ಟಿ ಇದರಲ್ಲಿಲ್ಲ. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುತ್ತ ಶಿಷ್ಯನು ಕಿವಿಯಿಂದ ಕಲಿಯುತ್ತಿದ್ದ ಅವಕಾಶವೂ ಕಡಿಮೆಯಾಯಿತು. ಆದರೂ ಹಾಡುವವನು ಹಾಡಲೇಬೇಕು. ಯಂತ್ರವು ಅವನ ಸ್ಥಾನದಲ್ಲಿ ಕುಳಿತಿಲ್ಲ, ಅವನ ಬೆನ್ನಿಗೆ ನಿಂತಿದೆ.

ಎರಡನೆಯದು ದೇವಸ್ಥಾನಗಳ ಮಂಗಳಾರತಿಯ ಹೊತ್ತಿನಲ್ಲಿ ಕೇಳಿಬರುವ ವಿದ್ಯುತ್ ನಗಾರಿ. ಲೋಹದ ಚೌಕಟ್ಟಿನಲ್ಲಿ ನಗಾರಿ, ಜಾಗಟೆ, ಗಂಟೆಗಳನ್ನು ಜೋಡಿಸಿ, ಮೋಟಾರು ತಿರುಗಿದಂತೆ ಕೋಲುಗಳು ತಾವಾಗಿ ಬಡಿಯುವಂತೆ ಇದನ್ನು ರಚಿಸಿರುತ್ತಾರೆ. ಗುಂಡಿಯೊತ್ತಿದರೆ ಸಾಕು, ಲಯ ಒಂದೇ ಸಮನಾಗಿ ನಡೆಯುತ್ತದೆ. ಆರತಿಯ ತಟ್ಟೆ ಮೇಲೇರಿತೋ ಇಳಿಯಿತೋ ಎಂಬುದು ಅದಕ್ಕೆ ಬೇಕಿಲ್ಲ. ಇದು ಒಬ್ಬ ಮನುಷ್ಯನ ಸೇವೆಯನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿದೆ. ನಗಾರಿ ಬಾರಿಸುವುದು, ಓಲಗ ಊದುವುದು ಹಿಂದೆ ವಂಶಪಾರಂಪರ್ಯದ ಸೇವೆಗಳು. ಅನೇಕ ಕಡೆ ಅದಕ್ಕೆ ಇನಾಂ ಭೂಮಿಯ ಆಧಾರವಿತ್ತು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದಿಯಾತಿ ಕಾಯಿದೆಯ ತರುವಾಯ ದೇವಸ್ಥಾನಕ್ಕೂ ಭೂಮಿಗೂ ಇದ್ದ ಹಳೆಯ ಸಂಬಂಧ ಮಾರ್ಪಟ್ಟಿತು. ಆ ಸೇವೆಯ ಜೊತೆಗೆ ಹುಟ್ಟಿನಿಂದ ಬರುತ್ತಿದ್ದ ಕೀಳರಿಮೆಯ ಕಾರಣದಿಂದ ಅದನ್ನು ಬಿಟ್ಟು ಬೇರೆ ಕೆಲಸ ಹಿಡಿದವರ ನಿರ್ಧಾರವೂ ನ್ಯಾಯವಾದುದೇ. ಹೀಗಿರಲು ಸೇವಕನನ್ನು ಯಂತ್ರವೇ ಓಡಿಸಿತೆಂದು ಹೇಳುವುದು ಪೂರ್ಣಸತ್ಯವಾಗಲಾರದು; ಅನೇಕ ಕಡೆ ಬರಿದಾದ ಜಾಗಕ್ಕೆ ಯಂತ್ರ ಬಂದಿತು. ಆದರೆ ಯೋಗ್ಯವಾದ ಸಂಬಳ ಕೊಟ್ಟು ನುಡಿಸುವವರನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇಲ್ಲದಂತೆ ಅದು ಮಾಡಿತು. ಭಕ್ತನೊಬ್ಬನು ಯಂತ್ರವನ್ನು ಕಾಣಿಕೆಯಾಗಿ ಕೊಡುತ್ತಾನೆ, ಚೌಕಟ್ಟಿನ ಮೇಲೆ ಅವನ ಹೆಸರು ಬರೆಸುತ್ತಾರೆ. ಅಲ್ಲಿಗೆ ನಿರ್ಣಯ ಮುಗಿಯುತ್ತದೆ.

ಹೊರಗಿನವನ ಕಣ್ಣಿಗೆ ಶ್ರುತಿಪೆಟ್ಟಿಗೆಯೂ ವಿದ್ಯುತ್ ನಗಾರಿಯೂ ಒಂದೇ ಜಾತಿಯವು; ಎರಡೂ ಸಂಪ್ರದಾಯಕ್ಕೆ ತಗುಲಿದ ಆಧುನಿಕತೆಯ ಗುರುತುಗಳು. ಸಂಗೀತಗಾರನ ದೃಷ್ಟಿಯಿಂದ ಅವುಗಳ ನಡುವೆ ಅಪಾರ ಅಂತರವಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಹಳತು ಹೊಸತು ಎಂಬ ಭೇದದಿಂದ ಧಾರ್ಮಿಕ ಸಮುದಾಯಗಳ ನಡವಳಿಕೆಯನ್ನು ಅರ್ಥಮಾಡಿಕೊಳ್ಳಲಾಗದು. ಇಂದಿನ ಹಳತು ನಿನ್ನೆಯ ಹೊಸತಾಗಿತ್ತೆಂಬುದಕ್ಕೆ ಪೇಟಿಯೇ ಸಾಕ್ಷಿ. ಅಧ್ಯಯನಕ್ಕೆ ಉಪಯುಕ್ತವಾದ ಪ್ರಶ್ನೆಗಳು ಮೂರು. ಈ ಸಾಧನವು ಯಾರ ಕೆಲಸವನ್ನು ಮಾಡುತ್ತದೆ? ಅದರಿಂದ ಹಾಡುವವರ ಸಂಖ್ಯೆ ಹೆಚ್ಚುತ್ತದೆಯೋ ಕೇಳುವವರ ಸಂಖ್ಯೆ ಮಾತ್ರ ಹೆಚ್ಚುತ್ತದೆಯೋ? ಅದು ಬರಲಿ ಎಂದು ಯಾರು, ಯಾರನ್ನು ಕೇಳಿ ನಿರ್ಧರಿಸಿದರು? ಗದುಗಿನ ಆಶ್ರಮವೂ ಆಮಿಶರ ಸಭೆಯೂ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಟ್ಟವು. ಒಂದು ವಾದ್ಯವನ್ನು ಬರಮಾಡಿಕೊಂಡಿತು, ಇನ್ನೊಂದು ಹೊರಗಿಟ್ಟಿತು. ಆದರೆ ಎರಡೂ ಪ್ರಶ್ನೆಯನ್ನು ಕೇಳಿಕೊಂಡು ಉತ್ತರಿಸಿದವು. ಆ ಉತ್ತರದ ಫಲವೂ ಭಾರವೂ ತಮ್ಮವೇ ಎಂದು ತಿಳಿದಿದ್ದವು.

ಯಲಹಂಕ ಹೋಬಳಿಯ ಹಳ್ಳಿಗಳು ವಿಮಾನ ನಿಲ್ದಾಣದ ದೆಸೆಯಿಂದ ಇಪ್ಪತ್ತು ವರ್ಷಗಳೊಳಗೆ ಗುರುತು ಸಿಕ್ಕದಷ್ಟು ಬದಲಾಗಿವೆ. ಅಲ್ಲಿನ ಭಜನ ಮಂಡಳಿಗಳು, ಮಠದ ಪ್ರಸಾದ ನಿಲಯಗಳು, ಗುಡಿಗಳು ಯಾವ ವಾದ್ಯವನ್ನು ಉಳಿಸಿಕೊಂಡವು, ಯಾವುದನ್ನು ಯಂತ್ರಕ್ಕೆ ಒಪ್ಪಿಸಿದವು ಎಂಬುದನ್ನು ಹಾಡುವವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸಕ್ಕೆ ನಮ್ಮ ವಿದ್ಯಾರ್ಥಿಗಳು ತೊಡಗಬೇಕು. ಮೊದಲು ಕೇಳಬೇಕಾದದ್ದು ನಗಾರಿಯ ಯಂತ್ರವನ್ನು ಕೊಂಡ ವರ್ಷವನ್ನಲ್ಲ. ಅದಕ್ಕೆ ಮುಂಚೆ ನಗಾರಿ ಬಾರಿಸುತ್ತಿದ್ದವನು ಯಾರು, ಅವನ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನು.